ಆ 48 ಉಲ್ಲೇಖಗಳು ಯಾರವು?

ರಾಯಚೂರಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಕಾಲೇಜು ಅಧ್ಯಾಪಕರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ವರ್ಷಕ್ಕೊಮ್ಮೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬರುತ್ತದೆ. ‘ವಿಶ್ವದ ಶೇ 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು’ ಅಂತ. ಪಾಸ್‌ಪೋರ್ಟ್ ಅಳತೆಯ ಫೋಟೊ ಇರುತ್ತದೆ. ಶಾಲು ಹೊದಿಸಿದ ಫೋಟೊ ಎರಡು ದಿನ ಬಿಟ್ಟು ಬರುತ್ತದೆ. ಸಂತೋಷದ ವಿಷಯವೇ. ಆದರೆ ಆ ಪಟ್ಟಿಯನ್ನು ಯಾರು ಮಾಡಿದರು, ಏನನ್ನು ಎಣಿಸಿ ಮಾಡಿದರು ಅನ್ನುವುದಕ್ಕೆ ಸುದ್ದಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಅವರ ಜೊತೆಗಾರರು 2019ರಿಂದ ಈ ಪಟ್ಟಿ ಮಾಡುತ್ತಿದ್ದಾರೆ. ಮಾಹಿತಿ ಸ್ಕೋಪಸ್ ಎಂಬ ಸಂಶೋಧನಾ ಲೇಖನಗಳ ಡೇಟಾಬೇಸ್‌ನದು. ಆರು ಬೇರೆ ಬೇರೆ ಅಂಕಿಗಳನ್ನು ಸೇರಿಸಿ ಪ್ರತಿಯೊಬ್ಬರಿಗೂ ಒಂದು ಅಂಕ ಕೊಡುತ್ತಾರೆ. ಒಟ್ಟು ಸೈಟೇಶನ್ ಒಂದು, ಅಂದರೆ ನಿಮ್ಮ ಸಂಶೋಧನಾ ಲೇಖನಗಳನ್ನು (ಪೇಪರ್‌ಗಳನ್ನು) ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ ಅನ್ನುವುದು. ಎಚ್-ಇಂಡೆಕ್ಸ್ ಇನ್ನೊಂದು, ಅದರ ಲೆಕ್ಕ ಮುಂದೆ ಬೋರ್ಡಿನ ಮೇಲೆ ಹಾಕೋಣ. ಜೊತೆಗೆ ಬರೆದವರು ಎಷ್ಟು ಮಂದಿ ಅಂತ ನೋಡಿ ತಿದ್ದಿದ ಎಚ್-ಇಂಡೆಕ್ಸ್ ಮೂರನೆಯದು. ಉಳಿದ ಮೂರು ಅಂಕಿಗಳು ಲೇಖಕರ ಸಾಲಿನಲ್ಲಿ ನಿಮ್ಮ ಹೆಸರು ಎಲ್ಲಿದೆ ಅನ್ನುವುದನ್ನು ನೋಡುತ್ತವೆ: ಒಬ್ಬರೇ ಬರೆದಿರಾ, ಮೊದಲ ಹೆಸರು ನಿಮ್ಮದಾ, ಕೊನೆಯದಾ ಎಂದು. ಅದೂ ಪಟ್ಟಿ ಒಂದಲ್ಲ, ಎರಡು. ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ನಿಮ್ಮ ಊರಿನವರು ಯಾವುದರಲ್ಲಿದ್ದಾರೆ ಅಂತ ಸುದ್ದಿ ಓದಿದರೆ ಗೊತ್ತಾಗುವುದಿಲ್ಲ. ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬಿಟ್ಟರೆ ಸ್ಥಾನ ಎಷ್ಟಾಗುತ್ತದೆ ಅನ್ನುವ ಕಾಲಂ ಕೂಡ ಆ ಪಟ್ಟಿಯಲ್ಲೇ ಇದೆ. ಆ ಕಾಲಂ ತೆರೆದು ನೋಡುವವರು ಕಡಿಮೆ.

ನಾನು ಗ್ರಂಥಪಾಲಕ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುತ್ತದೆ ಅಂದರೆ, ಪ್ರಮೋಷನ್ ಫೈಲು ಕೂತಿದೆ ಅಂದರೆ, ಅಧ್ಯಾಪಕರು ಲೈಬ್ರರಿಗೆ ಬರುತ್ತಾರೆ. ‘ಸರ್, ನನ್ನ ಎಚ್-ಇಂಡೆಕ್ಸ್ ಎಷ್ಟಾಗಿದೆ ನೋಡಿ’ ಅನ್ನುತ್ತಾರೆ. ‘ನನ್ನನ್ನು ಯಾರು ಉಲ್ಲೇಖಿಸಿದ್ದಾರೆ ನೋಡಿ’ ಎಂದು ಕೇಳಿದವರು ಅಪರೂಪ. ಎಷ್ಟು ಅನ್ನುವುದಕ್ಕಿಂತ ಯಾರು ಅನ್ನುವುದೇ ದೊಡ್ಡ ಪ್ರಶ್ನೆ ಅಂತ ನನ್ನ ಅನಿಸಿಕೆ. ಇವತ್ತು ಅದನ್ನೇ ಹೇಳಲಿಕ್ಕೆ ಬಂದಿದ್ದೇನೆ.

ಈ ಎಣಿಕೆ ಶುರುವಾದದ್ದು ಅಂಕ ಕೊಡಲಿಕ್ಕಲ್ಲ, ಹುಡುಕಲಿಕ್ಕೆ. ಅಮೆರಿಕದ ವಕೀಲರಿಗೆ 1873ರಿಂದಲೇ ಒಂದು ಸೌಕರ್ಯ ಇತ್ತು. ಹಳೆಯ ತೀರ್ಪೊಂದನ್ನು ಮುಂದೆ ಯಾವ ಯಾವ ಕೋರ್ಟು ಎತ್ತಿ ಹೇಳಿದೆ, ಒಪ್ಪಿದೆಯೋ ತಳ್ಳಿಹಾಕಿದೆಯೋ ಎಂದು ತೋರಿಸುವ ಸೂಚಿ ಅದು. ಫ್ರಾಂಕ್ ಶೆಪರ್ಡ್ ಎಂಬಾತ ಶುರು ಮಾಡಿದ್ದು. ಅಮೆರಿಕದ ಮಾಹಿತಿ ವಿಜ್ಞಾನಿ ಯುಜೀನ್ ಗಾರ್ಫೀಲ್ಡ್ ಅದನ್ನು ನೋಡಿ, ವಿಜ್ಞಾನದ ಲೇಖನಗಳಿಗೂ ಇಂಥದ್ದು ಯಾಕಿರಬಾರದು ಎಂದು ಕೇಳಿದ. 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆ ಬಗ್ಗೆ ಬರೆದ. 1960ರ ದಶಕದಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಅಚ್ಚಾಗಿ ಬಂತು. ಒಂದು ಒಳ್ಳೆ ಪೇಪರ್ ಸಿಕ್ಕರೆ, ಅದನ್ನು ಹಿಡಿದು ಮುಂದೆ ಯಾರು ಯಾರು ಕೆಲಸ ಮಾಡಿದ್ದಾರೆ ಎಂದು ನೋಡಬಹುದಿತ್ತು. ಇಂದಿನ ಗೂಗಲ್ ಸ್ಕಾಲರ್‌ನಲ್ಲಿ ನಾವು ಒತ್ತುವ ‘ಸೈಟೆಡ್ ಬೈ’ ಕೊಂಡಿಯ ಮೂಲ ಅದು. ಅಂಕಪಟ್ಟಿಯಾದದ್ದು ಆಮೇಲೆ.

ಇಲ್ಲಿ ನಮ್ಮವರ ಹೆಸರನ್ನೂ ಹೇಳಬೇಕು. ಗ್ರಂಥಾಲಯದ ಕೆಲಸವನ್ನೂ ಅಂಕಿಅಂಶದಿಂದ ಅಳೆಯಬೇಕು ಎಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಹೇಳಿದ್ದರು. ‘ಲೈಬ್ರಮೆಟ್ರಿ’ ಅನ್ನುವ ಹೆಸರನ್ನೂ ಇಟ್ಟಿದ್ದರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದವರು ಅವರೇ. ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನ, ಅವರ ಫೋಟೊಕ್ಕೆ ಹಾರ ಹಾಕುತ್ತೇವೆ. ಈ ಮಾತನ್ನು ಮಾತ್ರ ನೆನೆಯುವುದಿಲ್ಲ.

ಈಗ ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕೋಣ. ಇಬ್ಬರು ಅಧ್ಯಾಪಕರು. ಇಬ್ಬರೂ ಲೆಕ್ಕಕ್ಕಾಗಿ ನಾನೇ ಕಟ್ಟಿದವರು, ಯಾರೂ ತಮ್ಮನ್ನು ಹುಡುಕಿಕೊಳ್ಳಬೇಡಿ. ಒಬ್ಬರು ಮೇಡಂ, ಒಬ್ಬರು ಸರ್. ಇಬ್ಬರದೂ ಎಂಟೆಂಟು ಪೇಪರ್. ಒಂದೊಂದು ಪೇಪರಿಗೆ ಬಂದ ಸೈಟೇಶನ್‌ಗಳನ್ನು ಜಾಸ್ತಿಯಿಂದ ಕಡಿಮೆಗೆ ಬರೆಯುತ್ತೇನೆ.

ಮೇಡಂ: 48, 9, 6, 5, 4, 2, 1, 0.
ಸರ್: 7, 6, 6, 6, 5, 5, 4, 3.

ಒಟ್ಟು ಕೂಡಿದರೆ ಮೇಡಂ 75, ಸರ್ 42. ಮೇಡಂ ಬಹಳ ಮುಂದೆ. ಈಗ ಎಚ್-ಇಂಡೆಕ್ಸ್ ನೋಡೋಣ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹರ್ಷ್ 2005ರಲ್ಲಿ ಕೊಟ್ಟ ಲೆಕ್ಕ ಇದು. ನಿಮ್ಮ ಹತ್ತು ಪೇಪರ್‌ಗಳಿಗೆ ತಲಾ ಹತ್ತಾದರೂ ಸೈಟೇಶನ್ ಇದ್ದು, ಹನ್ನೊಂದಕ್ಕೆ ತಲಾ ಹನ್ನೊಂದು ಇಲ್ಲದಿದ್ದರೆ, ನಿಮ್ಮ ಎಚ್ ಹತ್ತು. ಮೇಡಂ ಸಾಲಿನಲ್ಲಿ ಇಳಿಯುತ್ತಾ ಬನ್ನಿ. ನಾಲ್ಕನೇ ಪೇಪರಿಗೆ 5 ಇದೆ, ಆಯಿತು. ಐದನೆಯದಕ್ಕೆ ಕನಿಷ್ಠ 5 ಬೇಕಿತ್ತು, ಇರುವುದು 4. ಅಲ್ಲಿಗೆ ನಿಂತಿತು. ಮೇಡಂ ಎಚ್ 4. ಸರ್ ಸಾಲಿನಲ್ಲಿ ಐದನೆಯದಕ್ಕೆ 5 ಇದೆ, ಆರನೆಯದಕ್ಕೂ 5, ಅಲ್ಲಿ 6 ಬೇಕಿತ್ತು. ಸರ್ ಎಚ್ 5. ಈಗ ಸರ್ ಮುಂದೆ!

ಮುಗಿಯಲಿಲ್ಲ. ಗೂಗಲ್ ಸ್ಕಾಲರ್ ತೋರಿಸುವ ಐ10, ಅಂದರೆ ಹತ್ತಕ್ಕಿಂತ ಕಡಿಮೆ ಇಲ್ಲದ ಪೇಪರ್ ಎಷ್ಟು ಅನ್ನುವ ಲೆಕ್ಕದಲ್ಲಿ ಮೇಡಂಗೆ 1, ಸರ್‌ಗೆ 0. ಬೆಲ್ಜಿಯಂನ ಲಿಯೊ ಎಗ್ಗೆ 2006ರಲ್ಲಿ ಕೊಟ್ಟ ಜಿ-ಇಂಡೆಕ್ಸ್ ಮೇಲಿನ ದೊಡ್ಡ ಅಂಕಿಗಳಿಗೆ ಬೆಲೆ ಕೊಡುತ್ತದೆ. ಮೇಲಿನ ಇಷ್ಟು ಪೇಪರ್‌ಗಳ ಒಟ್ಟು ಸೈಟೇಶನ್ ಆ ಸಂಖ್ಯೆಯ ವರ್ಗಕ್ಕಿಂತ ಕಡಿಮೆ ಇರಬಾರದು. ಮೇಡಂಗೆ ಎಂಟಕ್ಕೆ ಎಂಟೂ ದಾಟುತ್ತದೆ, ಯಾಕಂದರೆ 75 ಇದೆ, 64 ಸಾಕು. ಸರ್‌ಗೆ ಮೇಲಿನ ಆರು ಕೂಡಿದರೆ 35, ಬೇಕಾದದ್ದು 36. ಒಂದೇ ಒಂದಕ್ಕೆ ತಪ್ಪಿ ಜಿ 5ಕ್ಕೆ ನಿಂತಿತು.

ಅದೇ ಇಬ್ಬರು, ಅದೇ ಹದಿನಾರು ಪೇಪರ್. ಅಳತೆ ಬದಲಿಸಿದರೆ ಗೆದ್ದವರೂ ಬದಲಾದರು. ಸಂದರ್ಶನ ಸಮಿತಿಯವರು ಯಾವ ಕಾಲಂ ಆರಿಸುತ್ತಾರೋ ಅವರಿಗೆ ಬೇಕಾದವರು ಬರುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಅಂಕಿ ಇದ್ದರೆ ಪಕ್ಷಪಾತ ಇರುವುದಿಲ್ಲ ಅಂತ ನಂಬುವವರು ಈ ಲೆಕ್ಕವನ್ನು ಒಮ್ಮೆ ತಾವೇ ಹಾಕಿ ನೋಡಬೇಕು.

ಇನ್ನು ಮೇಡಂ ಅವರ ಆ 48ನ್ನು ಒಡೆದು ನೋಡೋಣ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಹಳ್ಳಿಯಲ್ಲೇ ಕಡಿಮೆ ಖರ್ಚಿನಲ್ಲಿ ಅಳೆಯುವ ವಿಧಾನದ ಪೇಪರ್ ಅದು ಅಂದುಕೊಳ್ಳಿ. ಲಿಂಗಸುಗೂರು ಕಡೆ ಮಾಡಿದ ಕೆಲಸ. ಉಲ್ಲೇಖಿಸಿದವರಲ್ಲಿ ನಲ್ಗೊಂಡದವರಿದ್ದಾರೆ, ರಾಜಸ್ಥಾನದವರಿದ್ದಾರೆ, ಶ್ರೀಲಂಕಾ, ತಾಂಜಾನಿಯಾದವರೂ ಇದ್ದಾರೆ. ಅಲ್ಲೆಲ್ಲ ಇದೇ ಫ್ಲೋರೈಡ್ ಕಾಟ ಇದೆ. 48ರಲ್ಲಿ 41 ಮೇಡಂ ಮುಖವನ್ನೇ ನೋಡದವರದು. ಸರ್ ಅವರ 42 ಒಡೆದರೆ 30 ಅವರದೇ ಮತ್ತು ಅವರ ಜೊತೆ ಪೇಪರ್ ಬರೆದವರದು.

ಹಾಗಂತ ಸರ್ ಕಳ್ಳರು ಅಂತ ತೀರ್ಮಾನ ಮಾಡಬೇಡಿ. ಒಂದೇ ತೊಗರಿ ಹೊಲದ ಪ್ರಯೋಗವನ್ನು ವರ್ಷ ವರ್ಷ ಮುಂದುವರಿಸುವವರು ಹಿಂದಿನ ಪೇಪರ್ ಹೇಳದೆ ಮುಂದಿನದು ಬರೆಯಲಾರರು. ನಮ್ಮದನ್ನು ನಾವೇ ಉಲ್ಲೇಖಿಸುವುದು ತಪ್ಪಲ್ಲ, ಕೆಲಸವೇ ಹಾಗಿರುತ್ತದೆ. ಆದರೆ ಎಣಿಕೆ ಮನೆಯೊಳಗೇ ಸುತ್ತುತ್ತಿದ್ದರೆ ಅದು ಹೊರಗಿನ ಪ್ರಭಾವ ಅಲ್ಲ. ಎಚ್-ಇಂಡೆಕ್ಸ್ 5 ಅಂತ ಬರೆದ ಕಾಗದ ಈ ವ್ಯತ್ಯಾಸ ಹೇಳುವುದಿಲ್ಲ. ಹರ್ಷ್ ಅವರೇ 2020ರಲ್ಲಿ, ತಮ್ಮ ಅಳತೆ ಕೆಲವೆಡೆ ಪೂರ್ತಿ ದಾರಿ ತಪ್ಪಿಸುತ್ತದೆ, ಅದರಿಂದ ತಾವು ಎಣಿಸದ ಕೆಡುಕುಗಳೂ ಆಗಿವೆ ಎಂದು ಬರೆದುಕೊಂಡರು.

ಒಬ್ಬರು ಇನ್ನೊಬ್ಬರ ಪೇಪರನ್ನು ಯಾಕೆ ಉಲ್ಲೇಖಿಸುತ್ತಾರೆ? ಸಾಲ ತೀರಿಸಲಿಕ್ಕೆ. ಜಗಳ ತೆಗೆಯಲಿಕ್ಕೆ. ವಿಧಾನ ತೆಗೆದುಕೊಂಡದ್ದಕ್ಕೆ. ಪೇಪರ್ ಪರಿಶೀಲಿಸುವವರು ‘ನನ್ನದನ್ನೂ ಸೇರಿಸಿ’ ಅಂದದ್ದಕ್ಕೆ. ಒಮ್ಮೊಮ್ಮೆ ಎಲ್ಲರೂ ಹಾಕಿದ್ದಾರೆ, ನಾವೂ ಹಾಕೋಣ ಅಂತ. ಜಗತ್ತಿನಲ್ಲೇ ಹೆಚ್ಚು ಸೈಟೇಶನ್ ಪಡೆದ ಪೇಪರ್ ಯಾವುದು ಗೊತ್ತಾ? ಐನ್‌ಸ್ಟೀನ್ ಅವರದಲ್ಲ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನದ ಬಗ್ಗೆ 1951ರಲ್ಲಿ ಆಲಿವರ್ ಲೌರಿ ಮತ್ತು ಜೊತೆಗಾರರು ಬರೆದದ್ದು. 2014ರಲ್ಲಿ ‘ನೇಚರ್’ ಪತ್ರಿಕೆ ಎಣಿಸಿದಾಗ ಅದಕ್ಕೆ 3,05,000ಕ್ಕೂ ಹೆಚ್ಚು ಸೈಟೇಶನ್ ಇತ್ತು. ಡಿಎನ್‌ಎ ರಚನೆ ಹೇಳಿದ 1953ರ ವಾಟ್ಸನ್–ಕ್ರಿಕ್ ಪೇಪರ್ ಮೊದಲ ನೂರರಲ್ಲೂ ಇರಲಿಲ್ಲ.

ನಮ್ಮ ರಾಮನ್ ಅವರದನ್ನೇ ತೆಗೆದುಕೊಳ್ಳಿ. ರಾಮನ್ ಮತ್ತು ಕೃಷ್ಣನ್ 1928ರಲ್ಲಿ ‘ನೇಚರ್’ಗೆ ಬರೆದ ಪುಟ್ಟ ಟಿಪ್ಪಣಿಯಿಂದ ಒಂದು ಇಡೀ ತಂತ್ರವೇ ಹುಟ್ಟಿತು. ಇಂದು ಔಷಧ ಕಂಪನಿಯ ಲ್ಯಾಬಿನಿಂದ ಹಿಡಿದು ರತ್ನದ ಪರೀಕ್ಷೆವರೆಗೆ ರಾಮನ್ ಸ್ಪೆಕ್ಟ್ರಮ್ ತೆಗೆಯುತ್ತಾರೆ. ಪೇಪರಿನೊಳಗೆ ‘ರಾಮನ್’ ಅಂತ ಹತ್ತು ಕಡೆ ಬರೆದು, ಕೊನೆಯ ಪಟ್ಟಿಯಲ್ಲಿ 1928ರ ಲೇಖನ ಹಾಕುವುದಿಲ್ಲ. ಕೆಲಸ ಎಷ್ಟು ದೊಡ್ಡದಾಯಿತು ಅಂದರೆ ಅದನ್ನು ಉಲ್ಲೇಖಿಸಬೇಕು ಅಂತಲೇ ಯಾರಿಗೂ ಅನಿಸುವುದಿಲ್ಲ.

ವಿಷಯದಿಂದ ವಿಷಯಕ್ಕೂ ಲೆಕ್ಕ ಬೇರೆ. ವೈದ್ಯಕೀಯ, ಜೀವವಿಜ್ಞಾನದ ಪೇಪರ್‌ಗಳಿಗೆ ಉಲ್ಲೇಖ ಜಾಸ್ತಿ, ಬೇಗ ಬರುತ್ತವೆ. ಗಣಿತದಲ್ಲಿ ಕಡಿಮೆ, ನಿಧಾನ. ಇತಿಹಾಸ, ಸಾಹಿತ್ಯದಲ್ಲಿ ಉಲ್ಲೇಖ ಹೋಗುವುದು ಪುಸ್ತಕಗಳಿಗೆ, ಪುಸ್ತಕಗಳು ಈ ಡೇಟಾಬೇಸ್‌ಗಳಲ್ಲಿ ಸರಿಯಾಗಿ ಇಲ್ಲ. ಅದಕ್ಕೇ ಗಣಿತದವರನ್ನೂ ಬಯೊಕೆಮಿಸ್ಟ್ರಿಯವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಚ್ ಕೇಳುವುದು ಅನ್ಯಾಯ. ಅದೇ ವಿಷಯದ, ಅದೇ ವರ್ಷದ ಪೇಪರ್‌ಗಳಿಗೆ ಜಗತ್ತಿನಲ್ಲಿ ಸರಾಸರಿ ಎಷ್ಟು ಬಂದಿದೆಯೋ ಅದರಿಂದ ಭಾಗಿಸಿ ನೋಡುವ ಕ್ರಮ ಇದೆ. ಒಂದು ಬಂದರೆ ಸರಾಸರಿ, ಒಂದೂವರೆ ಬಂದರೆ ಸರಾಸರಿಗಿಂತ ಅರ್ಧ ಮೇಲೆ. ಇದ್ದುದರಲ್ಲಿ ಇದು ವಾಸಿ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಎರಡೇ ಮಾತು. ಅದು ಪತ್ರಿಕೆಯ ಅಂಕ, ನಿಮ್ಮದಲ್ಲ. ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಅನ್ನುವ ಲೆಕ್ಕ ಅಷ್ಟೇ. ಒಂದೆರಡು ಲೇಖನ ಎಲ್ಲ ಉಲ್ಲೇಖ ಬಾಚಿಕೊಂಡಿರಬಹುದು, ನಿಮ್ಮದಕ್ಕೆ ಸೊನ್ನೆ ಇರಬಹುದು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರು ಮತ್ತು ಪ್ರಕಾಶಕರು ಒಬ್ಬ ವ್ಯಕ್ತಿಯನ್ನು ಅಳೆಯಲಿಕ್ಕೆ ಇದನ್ನು ಬಳಸಬೇಡಿ ಎಂದು ಘೋಷಣೆ ಹೊರಡಿಸಿದರು. ಡೋರಾ ಅಂತ ಅದರ ಹೆಸರು. ನಮ್ಮಲ್ಲಿ ಇನ್ನೂ ಅರ್ಜಿ ನಮೂನೆಯಲ್ಲಿ ಆ ಕಾಲಂ ಇದೆ.

ಈಗ ನಂಟಿನ ವಿಷಯ. ಒಬ್ಬೊಬ್ಬ ಸಂಶೋಧಕರಿಗೂ ಒಂದೊಂದು ಚುಕ್ಕಿ ಇಡಿ. ಇಬ್ಬರು ಸೇರಿ ಪೇಪರ್ ಬರೆದಿದ್ದರೆ ಆ ಎರಡು ಚುಕ್ಕಿಗಳ ನಡುವೆ ಒಂದು ಗೆರೆ. ಜಾಸ್ತಿ ಪೇಪರ್ ಇದ್ದರೆ ಗೆರೆ ದಪ್ಪ. ಇಷ್ಟೇ ಸಹಯೋಗದ ಜಾಲ ಅಂದರೆ. ಮಾರ್ಕ್ ನ್ಯೂಮನ್ ಎಂಬ ಭೌತವಿಜ್ಞಾನಿ 2001ರಲ್ಲಿ ಇಂಥ ಜಾಲಗಳನ್ನು ಲಕ್ಷಗಟ್ಟಲೆ ಲೇಖಕರ ಹೆಸರು ಹಿಡಿದು ಕಟ್ಟಿ ನೋಡಿದರು. ಯಾರಿಂದ ಯಾರಿಗೆ ಹೋಗಬೇಕಾದರೂ ಸರಾಸರಿ ಐದಾರು ಗೆರೆ ದಾಟಿದರೆ ಸಾಕಿತ್ತು. ಗಣಿತದವರು ಮೊದಲಿನಿಂದಲೂ ಇದನ್ನು ಆಟದಂತೆ ಆಡುತ್ತಾರೆ. ಹಂಗೇರಿಯ ಪಾಲ್ ಏರ್ಡಿಶ್ ಐನೂರಕ್ಕೂ ಹೆಚ್ಚು ಜನರ ಜೊತೆ ಪೇಪರ್ ಬರೆದವರು. ಅವರಿಂದ ನಾನು ಎಷ್ಟು ಗೆರೆ ದೂರ ಅಂತ ಎಣಿಸಿಕೊಳ್ಳುವುದು ಅವರಲ್ಲಿ ಹೆಮ್ಮೆ.

ನಮ್ಮ ಬೋರ್ಡಿಗೆ ವಾಪಸ್ ಬರೋಣ. ಸರ್ ಅವರ ಚಿತ್ರ ಬರೆದರೆ ನಡುವೆ ಗೈಡ್, ಸುತ್ತ ಏಳೆಂಟು ಮಂದಿ, ಎಲ್ಲರಿಂದ ಎಲ್ಲರಿಗೂ ಗೆರೆ. ನೋಡಲು ಬಹಳ ತುಂಬಿಕೊಂಡ ಚಿತ್ರ. ಆದರೆ ಅದರಿಂದ ಹೊರಗೆ ಹೋಗುವ ಗೆರೆ ಒಂದೂ ಇಲ್ಲ. ಮೇಡಂ ಅವರ ಚಿತ್ರದಲ್ಲಿ ಗೆರೆ ಕಡಿಮೆ. ಒಂದು ಭೂವಿಜ್ಞಾನದವರ ಕಡೆ, ಒಂದು ದಂತವೈದ್ಯರ ಕಡೆ, ಒಂದು ಸಂಖ್ಯಾಶಾಸ್ತ್ರದವರ ಕಡೆ. ಆ ಮೂವರಿಗೂ ತಮ್ಮ ತಮ್ಮಲ್ಲಿ ಪರಿಚಯವೇ ಇಲ್ಲ. ಮೇಡಂ ತೆಗೆದುಬಿಟ್ಟರೆ ಮೂರು ಗುಂಪು ಮೂರು ದಿಕ್ಕು. ಯಾರ ಮೂಲಕ ಹಾದುಹೋಗದೆ ಬೇರೆ ದಾರಿ ಇಲ್ಲವೋ ಅವರಿಗೆ ಜಾಲದ ಲೆಕ್ಕದಲ್ಲಿ ಅಂಕ ಜಾಸ್ತಿ. ಎಷ್ಟು ಗೆರೆ ಇದೆ ಅನ್ನುವುದು ಒಂದು ಅಳತೆ, ಎಷ್ಟು ದಾರಿಗಳು ನಿಮ್ಮ ಮೇಲೆ ಹಾಯುತ್ತವೆ ಅನ್ನುವುದು ಬೇರೆ ಅಳತೆ. ನಮ್ಮಂಥ ಜಿಲ್ಲೆಗಳಲ್ಲಿ ಎರಡನೆಯದನ್ನೇ ನೋಡಬೇಕು ಅಂತ ನನ್ನ ವಾದ. ಕೃಷಿ ವಿಶ್ವವಿದ್ಯಾಲಯ ಒಂದು ಕಡೆ, ಡಿಗ್ರಿ ಕಾಲೇಜುಗಳು ಒಂದು ಕಡೆ, ಮೆಡಿಕಲ್ ಕಾಲೇಜು ಒಂದು ಕಡೆ. ಊರು ಒಂದೇ, ಗೆರೆಗಳು ಮಾತ್ರ ಹೈದರಾಬಾದಿಗೆ, ಬೆಂಗಳೂರಿಗೆ ಹೋಗುತ್ತವೆ. ಅಕ್ಕಪಕ್ಕದ ಕ್ಯಾಂಪಸ್ಸಿಗೆ ಹೋಗುವುದಿಲ್ಲ.

ಸಹಯೋಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಎರಡು ತಂಡಗಳು ಸೇರಿ ಪ್ರಕಟಿಸಿದ ಪೇಪರಿಗೆ 5,154 ಲೇಖಕರು. 33 ಪುಟದ ಪೇಪರಿನಲ್ಲಿ ವಿಷಯಕ್ಕೆ ಸಂಬಂಧಿಸಿದ್ದು 9 ಪುಟ, ಉಳಿದದ್ದೆಲ್ಲ ಹೆಸರುಗಳು ಮತ್ತು ಸಂಸ್ಥೆಗಳು. ಅಂಥ ಒಂದು ಪೇಪರಿನ ಸೈಟೇಶನ್ ಪೂರ್ತಿ ಒಬ್ಬೊಬ್ಬರ ಖಾತೆಗೂ ಜಮಾ ಆಗಬೇಕಾ, ಐದು ಸಾವಿರದಲ್ಲಿ ಒಂದು ಪಾಲು ಆಗಬೇಕಾ? ಪಾಲು ಹಾಕುವ ಲೆಕ್ಕವೂ ಇದೆ. ನಾಲ್ಕು ಜನ ಬರೆದಿದ್ದರೆ ತಲಾ ಕಾಲು. ನೀವು ಪಾಲು ಹಾಕಿ ನಿಮ್ಮ ಪಟ್ಟಿ ಒಮ್ಮೆ ಕೂಡಿ ನೋಡಿ, ನಿಮಗೇ ಕೆಲವು ವಿಷಯ ಹೊಳೆಯುತ್ತವೆ.

ಇನ್ನೊಂದು ರೀತಿಯ ನಂಟಿದೆ, ಅದನ್ನು ನಾವೆಲ್ಲ ಬಲ್ಲೆವು. ಮದುವೆಯ ಮುಯ್ಯಿ ಇದ್ದಂತೆ. ನಿಮ್ಮ ಮಗಳ ಮದುವೆಗೆ ನಾನು ಇಷ್ಟು ಓದಿಸಿದ್ದೆ, ನನ್ನ ಮಗನದಕ್ಕೆ ನೀವು ಓದಿಸಬೇಕು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದೆ. ಉಲ್ಲೇಖವೂ ಹೀಗೇ ಕೈ ಬದಲಾಗುತ್ತದೆ. ಎರಡು ಪತ್ರಿಕೆಗಳು ಹೀಗೆ ಪರಸ್ಪರ ಎತ್ತಿಕೊಂಡು ಸಿಕ್ಕಿಬಿದ್ದು ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಿಂದಲೇ ಹೊರಬಿದ್ದ ಉದಾಹರಣೆಗಳಿವೆ. ಇಡೀ ದೇಶಕ್ಕೂ ಇದು ಹಬ್ಬಬಹುದು. ಇಟಲಿಯಲ್ಲಿ 2010ರ ಕಾನೂನು ಬಡ್ತಿಗೆ ಸೈಟೇಶನ್ ಅಂಕಿಗಳನ್ನು ಜೋಡಿಸಿತು. ಆಮೇಲೆ ಇಟಲಿಯವರು ಇಟಲಿಯವರನ್ನೇ ಉಲ್ಲೇಖಿಸುವ ಪ್ರಮಾಣ ಬೇರೆ ದೇಶಗಳಿಗಿಂತ ಎದ್ದು ಕಾಣುವಷ್ಟು ಏರಿತು ಎಂದು ಅಲ್ಲಿಯ ಸಂಶೋಧಕರೇ 2019ರಲ್ಲಿ ತೋರಿಸಿದರು. ಅಂಕಿಗೆ ಸಂಬಳ ಕಟ್ಟಿದರೆ ಜನ ಅಂಕಿ ಬೆಳೆಯುತ್ತಾರೆ.

ಎಷ್ಟು ಸುಲಭ ಅಂತ ತೋರಿಸಲು 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಒಬ್ಬ ವಿಜ್ಞಾನಿಯನ್ನೇ ಸೃಷ್ಟಿಸಿದರು. ಐಕ್ ಆಂಟ್‌ಕೇರ್ ಅಂತ ಹೆಸರು. ಕಂಪ್ಯೂಟರ್ ಕಟ್ಟಿದ ಅರ್ಥವಿಲ್ಲದ ಪೇಪರ್‌ಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ ಇಂಟರ್‌ನೆಟ್ಟಿಗೆ ಬಿಟ್ಟರು. ಗೂಗಲ್ ಸ್ಕಾಲರ್ ಎಣಿಸಿ 94 ಎಚ್-ಇಂಡೆಕ್ಸ್ ಕೊಟ್ಟಿತು. 2024ರಲ್ಲಿ ಅಮೆರಿಕದಲ್ಲಿ ಲ್ಯಾರಿ ಅನ್ನುವ ಬೆಕ್ಕಿಗೂ ಹೀಗೇ ಪೇಪರ್ ಬರೆಸಿ ಸೈಟೇಶನ್ ತರಿಸಿದರು. ದುಡ್ಡಿಗೆ ಸೈಟೇಶನ್ ಮಾರುವವರ ತಂತ್ರ ಎಷ್ಟು ಅಗ್ಗದ್ದು ಅಂತ ಬಯಲು ಮಾಡಲು. ಬೆಕ್ಕು ಲೇಖಕ ಆದದ್ದು ಅದೇ ಮೊದಲಲ್ಲ. 1975ರಲ್ಲಿ ಭೌತವಿಜ್ಞಾನಿ ಹೆದರಿಂಗ್‌ಟನ್ ಒಬ್ಬರೇ ಬರೆದ ಪೇಪರಿನಲ್ಲಿ ಪೂರ್ತಿ ‘ನಾವು’ ಅಂತ ಟೈಪ್ ಮಾಡಿಬಿಟ್ಟಿದ್ದರು. ಒಬ್ಬರೇ ಲೇಖಕರಿದ್ದರೆ ಪತ್ರಿಕೆ ಅದನ್ನು ಒಪ್ಪುತ್ತಿರಲಿಲ್ಲ. ಮತ್ತೆ ಟೈಪ್ ಮಾಡುವವರು ಯಾರು ಎಂದು ತಮ್ಮ ಸಿಯಾಮಿ ಬೆಕ್ಕನ್ನು ಎಫ್.ಡಿ.ಸಿ. ವಿಲ್ಲರ್ಡ್ ಅಂತ ಸಹಲೇಖಕ ಮಾಡಿದರು. ಆ ಪೇಪರಿನ ಭೌತವಿಜ್ಞಾನ ಮಾತ್ರ ಗಟ್ಟಿಯಾದದ್ದೇ!

ಮಾಹಿತಿಯೊಳಗೇ ಇರುವ ಇನ್ನೊಂದು ತೊಂದರೆ ನಮ್ಮ ಕಡೆ ಬಹಳ. ಹೆಸರು. ಪತ್ರಿಕೆಯ ಫಾರ್ಮಿನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಡಬ್ಬಿ ಇರುತ್ತವೆ. ನಮ್ಮ ಹೆಸರಿನ ಹಿಂದೆ ಮುಂದೆ ಇರುವುದು ಊರಿನ ಅಕ್ಷರ, ಅಪ್ಪನ ಅಕ್ಷರ. ಒಬ್ಬರೇ ಬಸವರಾಜ ಒಂದು ಪೇಪರಿನಲ್ಲಿ ಎಂ. ಬಸವರಾಜ, ಇನ್ನೊಂದರಲ್ಲಿ ಬಸವರಾಜ ಎಂ., ಮೂರನೆಯದರಲ್ಲಿ ಅಪ್ಪನ ಹೆಸರು ಪೂರ್ತಿ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ವಿ ಹಾಕುತ್ತಾರೆ, ನಮ್ಮ ರಾಯಚೂರು, ಕಲಬುರಗಿ ರೂಢಿಯಂತೆ ಇನ್ನೊಂದು ಕಡೆ ಡಬ್ಲ್ಯೂ ಹಾಕುತ್ತಾರೆ. ಕಂಪ್ಯೂಟರಿಗೆ ಅವರು ನಾಲ್ಕು ಜನ. ಅವರ 40 ಸೈಟೇಶನ್ ನಾಲ್ಕು ಕಡೆ ಹಂಚಿಹೋಗುತ್ತದೆ. ಎಸ್. ಪಾಟೀಲ್ ವಿಷಯದಲ್ಲಿ ಉಲ್ಟಾ. ಬೀದರಿನಿಂದ ಬೆಳಗಾವಿವರೆಗಿನ ಎಸ್. ಪಾಟೀಲರೆಲ್ಲ ಒಬ್ಬರಾಗಿಬಿಡುತ್ತಾರೆ. ಮದುವೆಯಾದ ಮೇಲೆ ಹೆಸರು ಬದಲಿಸಿದ ಹೆಣ್ಣುಮಕ್ಕಳಿಗಂತೂ ಅರ್ಧ ಪೇಪರ್ ತವರಿನಲ್ಲೇ ಉಳಿದಿರುತ್ತದೆ. ಇದಕ್ಕಾಗಿಯೇ 2012ರಿಂದ ಆರ್ಕಿಡ್ ಅಂತ 16 ಅಂಕಿಯ ಗುರುತಿನ ಸಂಖ್ಯೆ ಇದೆ. ಪುಕ್ಕಟೆ. ಇವತ್ತು ಮನೆಗೆ ಹೋಗಿ ಅದೊಂದು ಮಾಡಿಕೊಳ್ಳಿ. ಆಮೇಲೆ ಹೆಸರಿನ ಒಂದೇ ರೂಪ ಹಿಡಿದುಕೊಳ್ಳಿ, ನಿವೃತ್ತಿವರೆಗೂ ಬಿಡಬೇಡಿ.

ಜಾಲ ನೋಡಲು ದುಬಾರಿ ಡೇಟಾಬೇಸ್ ಬೇಕಿಲ್ಲ. ಪೇಪರ್, ಲೇಖಕರು, ಉಲ್ಲೇಖಗಳ ಮಾಹಿತಿ ಇರುವ ಓಪನ್‌ಅಲೆಕ್ಸ್ 2022ರಿಂದ ಎಲ್ಲರಿಗೂ ತೆರೆದಿದೆ. ಚಿತ್ರ ಬರೆಯಲು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ಮಾಡಿದ ವಾಸ್‌ವ್ಯೂವರ್ ಇದೆ, ಅದಕ್ಕೂ ದುಡ್ಡಿಲ್ಲ. ಒಂದು ವಿಭಾಗದ ಚಿತ್ರ ತೆಗೆಯಲು ಒಂದು ಮಧ್ಯಾಹ್ನ ಸಾಕು. ಹೆಸರು ಸರಿಪಡಿಸಲು ಮಾತ್ರ ಒಂದು ವಾರ.

ಕೊನೆಗೆ ಎಣಿಕೆಗೇ ಸಿಗದ ಒಂದು ವಿಷಯ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಕಾಲುವೆ ನೀರಿನಲ್ಲಿ ಬತ್ತ ಬೆಳೆಯುವ ಯಾರನ್ನಾದರೂ ಕೇಳಿ, ಬಿಪಿಟಿ ಅಂದರೆ ಗೊತ್ತು. ಬಿಪಿಟಿ 5204, ಸಾಂಬಾ ಮಸೂರಿ. ಆಂಧ್ರದ ಬಾಪಟ್ಲದಲ್ಲಿ ತಯಾರಾಗಿ 1986ರಲ್ಲಿ ಬಿಡುಗಡೆಯಾದ ತಳಿ. ರೈತ ಬೀಜ ತಂದು ಬಿತ್ತುತ್ತಾನೆ, ಮಿಲ್ಲಿನವರು ಅಕ್ಕಿ ಮಾಡುತ್ತಾರೆ, ನಾವು ಉಣ್ಣುತ್ತೇವೆ. ಇದರಲ್ಲಿ ಯಾರೂ ಅಡಿಟಿಪ್ಪಣಿ ಹಾಕುವುದಿಲ್ಲ. ಮುಂದೆ ಹೈದರಾಬಾದಿನ ವಿಜ್ಞಾನಿಗಳು ಅದೇ ತಳಿಗೆ ದುಂಡಾಣು ಅಂಗಮಾರಿ ರೋಗ ತಡೆಯುವ ಗುಣ ಸೇರಿಸಿದರು. ಅದರ ಬಗ್ಗೆ 2008ರಲ್ಲಿ ಬಂದ ಪೇಪರಿಗೆ ಸೈಟೇಶನ್ ಬರುತ್ತದೆ. ಮೂಲ ತಳಿ ಮಾಡಿದವರ ಕೆಲಸ ಗದ್ದೆಯಲ್ಲಿದೆ. ತಳಿ ತಜ್ಞರ ಎಚ್-ಇಂಡೆಕ್ಸ್ ಕೇಳುವ ಸಮಿತಿ ಎಷ್ಟು ಎಕರೆ ಅಂತಲೂ ಕೇಳಬೇಕಲ್ವಾ?

ಪ್ರಶ್ನೆಗಳು

‘ಸರ್, ಪಿಎಚ್‌ಡಿ ಮುಗಿಸಾಕ ಪೇಪರ್ ಬೇಕೇ ಬೇಕೇನ್ರಿ?’ ಒಬ್ಬ ವಿದ್ಯಾರ್ಥಿಯ ಪ್ರಶ್ನೆ.

ಯುಜಿಸಿಯ 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಪೇಪರ್ ಕಡ್ಡಾಯ ಅನ್ನುವುದನ್ನು ತೆಗೆದಿದ್ದಾರೆ. ನಿಮ್ಮ ವಿಶ್ವವಿದ್ಯಾಲಯ ಬೇಕು ಅಂತ ಇಟ್ಟುಕೊಂಡಿರಬಹುದು, ಅಲ್ಲಿಯ ನಿಯಮ ಓದಿ. ಒಪ್ಪಿತ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯೂ 2025ರ ಫೆಬ್ರುವರಿಯಲ್ಲಿ ನಿಂತಿತು. ಯಾವ ಪತ್ರಿಕೆ ಒಳ್ಳೆಯದು ಅಂತ ಈಗ ಸಂಸ್ಥೆಗಳೇ ನೋಡಿಕೊಳ್ಳಬೇಕು. ಹಾಗಾಗಿ ‘ಮೂರೇ ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಇದೆ’ ಅನ್ನುವ ವಾಟ್ಸ್‌ಆ್ಯಪ್ ಮೆಸೇಜ್ ಇನ್ನೂ ಜಾಸ್ತಿ ಬರುತ್ತವೆ. ಐಎಸ್‌ಎಸ್‌ಎನ್ ಪತ್ರಿಕೆಯ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆ ಅಲ್ಲ. ಮೂರು ದಿನದಲ್ಲಿ ಯಾರೂ ನಿಮ್ಮ ಪೇಪರ್ ಓದಿರುವುದಿಲ್ಲ.

‘ಗೈಡ್ ಹೆಸರು ಹಾಕಲೇಬೇಕಾ?’ ಇದನ್ನು ಚೀಟಿಯಲ್ಲಿ ಬರೆದು ಕಳಿಸಿದ್ದರು, ಹೆಸರು ಹಾಕಿರಲಿಲ್ಲ.

ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಒಪ್ಪಿಕೊಂಡ ಅಳತೆ ಒಂದಿದೆ. ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿ ಒಪ್ಪಿರಬೇಕು, ನಾಳೆ ತಪ್ಪು ಬಂದರೆ ಉತ್ತರ ಕೊಡಲು ಸಿದ್ಧರಿರಬೇಕು. ನಾಲ್ಕೂ ಇರಬೇಕು. ಒಳ್ಳೆಯ ಗೈಡ್‌ಗಳು ಈ ನಾಲ್ಕನ್ನೂ ಮಾಡಿರುತ್ತಾರೆ, ಅವರ ಹೆಸರು ನ್ಯಾಯವಾಗಿಯೇ ಬರುತ್ತದೆ. ಪ್ರಯೋಗಕ್ಕೆ ಜಾಗ ಕೊಟ್ಟವರಿಗೆ, ವಿಭಾಗದ ಮುಖ್ಯಸ್ಥರಿಗೆ ಕೃತಜ್ಞತೆಯ ಸಾಲಿದೆ. ಇದನ್ನು ನಿಮ್ಮ ಗೈಡ್‌ಗೆ ನೀವು ಹೇಳುವುದು ಕಷ್ಟ ಅಂತ ಗೊತ್ತು. ಪೇಪರ್ ಶುರು ಮಾಡುವ ಮುಂಚೆಯೇ ಯಾರು ಏನು ಮಾಡುತ್ತಾರೆ ಅಂತ ಒಂದು ಇ-ಮೇಲ್ ಬರೆದುಕೊಂಡರೆ ಆಮೇಲೆ ಮಾತಾಡುವುದು ಸುಲಭ.

ಇತಿಹಾಸದ ಮೇಡಂ ಒಬ್ಬರು ಕೇಳಿದ್ದು: ‘ನಾವು ಕನ್ನಡದಲ್ಲಿ ಬರೆದರೆ ಯಾವ ಡೇಟಾಬೇಸಿನಲ್ಲೂ ಇರುವುದಿಲ್ಲ. ಸೊನ್ನೆ ಅಂತಲೇ ತೋರಿಸುತ್ತದೆ. ಏನು ಮಾಡಬೇಕು?’

ಮಸ್ಕಿಯನ್ನೇ ನೋಡಿ ಮೇಡಂ, ನಮ್ಮ ಜಿಲ್ಲೆಯದೇ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಶಾಸನ ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಹಳೆಯ ಶಾಸನಗಳಲ್ಲಿ ಬರುವ ‘ದೇವಾನಾಂಪಿಯ’ ಅನ್ನುವ ರಾಜ ಅಶೋಕನೇ ಎಂದು ಕಲ್ಲಿನ ಮೇಲಿನ ಹೆಸರಿನಿಂದಲೇ ಖಚಿತವಾದದ್ದು ಅಲ್ಲಿ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂನಲ್ಲೂ ಆ ಹೆಸರು ಸಿಕ್ಕಿತು. ಕೃಷ್ಣಶಾಸ್ತ್ರಿಗಳ ಬರಹ ಬಂದದ್ದು ನಿಜಾಮರ ಪುರಾತತ್ವ ಇಲಾಖೆಯ ಮಾಲೆಯಲ್ಲಿ. ಇವತ್ತಿನ ಅಂಕದ ಯಂತ್ರಕ್ಕೆ ಹಾಕಿದರೆ ಅವರಿಗೆ ಎಷ್ಟು ಎಚ್ ಬರುತ್ತದೋ! ನಿಮ್ಮ ಕ್ಷೇತ್ರದಲ್ಲಿ ಸಮಿತಿಗಳು ಪುಸ್ತಕ ತೆರೆದು ಓದಬೇಕು, ಬೇರೆ ದಾರಿ ಇಲ್ಲ. ವಿಭಾಗದಿಂದ ಅದನ್ನು ಬರವಣಿಗೆಯಲ್ಲಿ ಕೇಳಿ. ಸಂಶೋಧನೆಯನ್ನು ಅಂಕಿಗಳಿಂದ ಹೇಗೆ ಅಳೆಯಬೇಕು ಎಂದು ಹೇಳುವ 2015ರ ಲೈಡನ್ ಪ್ರಣಾಳಿಕೆಯ ಹತ್ತು ಅಂಶಗಳಲ್ಲಿ ಒಂದು ಇದೇ, ಸ್ಥಳೀಯ ಭಾಷೆಯ, ಸ್ಥಳೀಯ ವಿಷಯದ ಸಂಶೋಧನೆಯನ್ನು ಕಾಪಾಡಿ ಅನ್ನುವುದು. ಅದನ್ನು ಅರ್ಜಿಯ ಜೊತೆ ಲಗತ್ತಿಸಿ.

ನಿಮ್ಮ ಕೈಯಲ್ಲಿ ಇರುವುದನ್ನೂ ಹೇಳುತ್ತೇನೆ. ಕನ್ನಡ ಲೇಖನಕ್ಕೆ ಇಂಗ್ಲಿಷಿನಲ್ಲಿ ಅರ್ಧ ಪುಟ ಸಾರಾಂಶ ಬರೆಯಿರಿ. ಪತ್ರಿಕೆಯವರು ಒಪ್ಪಿದರೆ ಜೆನೊಡೊ ಎಂಬ ಉಚಿತ ಆನ್‌ಲೈನ್ ಸಂಗ್ರಹದಲ್ಲಿ ಹಾಕಿ, ದುಡ್ಡಿಲ್ಲದೆ ಡಿಒಐ, ಅಂದರೆ ಲೇಖನದ ಶಾಶ್ವತ ಗುರುತಿನ ಸಂಖ್ಯೆ, ಸಿಗುತ್ತದೆ. ಆಮೇಲೆ ನೀವು ಇಂಗ್ಲಿಷಿನಲ್ಲಿ ಬರೆಯುವಾಗ, ಕೊಪ್ಪಳದವರೋ ಬಳ್ಳಾರಿಯವರೋ ಕನ್ನಡದಲ್ಲಿ ಮಾಡಿದ ಕೆಲಸ ಬಳಸಿಕೊಂಡಿದ್ದರೆ ಅವರ ಕನ್ನಡ ಪುಸ್ತಕದ ಹೆಸರನ್ನು ಪುಟಸಂಖ್ಯೆ ಸಮೇತ ಹಾಕಿ. ಎಷ್ಟೋ ಜನ ಓದಿ ಬಳಸಿ, ಹೆಸರು ಮಾತ್ರ ಬಿಟ್ಟುಬಿಡುತ್ತಾರೆ. ಗೆಜೆಟಿಯರ್ ಹೆಸರು ಹಾಕಿ ಕೈತೊಳೆದುಕೊಳ್ಳುತ್ತಾರೆ.